ಹೊಟ್ಟೆ ತುಂಬಿದರೂ ನಿಲ್ಲದ ಕೈ

ಒಂದು ಲೋಟ ಸ್ಪ್ರೈಟ್! ಎಂದೋ ಕಳೆದುಹೋದ ಬಾಲ್ಯವನ್ನು ಹೊರಗೆಳೆಯಲು ಅಷ್ಟೇ ಸಾಕಾಯಿತು ಎಂದರೆ ನಂಬುತ್ತೀರಾ?

ಅಮೆರಿಕದ ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸಾರಾ ಹಿಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಖಾಲಿ ಹೊಟ್ಟೆಯಲ್ಲಿ ಬಂದ ಯುವತಿಯರಲ್ಲಿ ಕೆಲವರಿಗೆ ಸಕ್ಕರೆ ತುಂಬಿದ ಸ್ಪ್ರೈಟ್ ಕೊಟ್ಟರು, ಉಳಿದವರಿಗೆ ಬರೀ ಸೋಡಾ ನೀರು. ಆಮೇಲೆ ಎದುರಿಗೆ ಕುಕಿ, ಪ್ರೆಟ್ಜೆಲ್ ತಂದಿಟ್ಟರು. ಅನುಕೂಲಸ್ಥರ ಮನೆಯಲ್ಲಿ ಬೆಳೆದವರು ಅಳೆದ ಹಾಗೆ ತಿಂದರು: ನೀರು ಕುಡಿದವರು ಹೆಚ್ಚು, ಸ್ಪ್ರೈಟ್ ಕುಡಿದವರು ಕಡಿಮೆ. ಒಳಗೆ ಸಕ್ಕರೆ ಸೇರಿದ ಸುದ್ದಿ ಕೈಗೆ ಮುಟ್ಟಿತ್ತು. ಬಡತನದಲ್ಲಿ ಬೆಳೆದವರೋ? ಸಕ್ಕರೆ ಸೇರಿದರೂ ಅಷ್ಟೇ ತಿಂದರು, ಸೇರದಿದ್ದರೂ ಅಷ್ಟೇ! ಇನ್ನೂ ಮೈ ಜುಮ್ಮೆನ್ನಿಸುವ ಸಂಗತಿ ಕೇಳಿ. ಈ ವ್ಯತ್ಯಾಸಕ್ಕೂ ಅವರ ಇವತ್ತಿನ ಸ್ಥಿತಿಗತಿಗೂ ನಂಟು ಕಾಣಲಿಲ್ಲ. ನಂಟಿದ್ದದ್ದು ಬಾಲ್ಯದ ಮನೆಗೆ.

ನಾಳೆ ಒಲೆ ಉರಿಯುತ್ತದೋ ಇಲ್ಲವೋ ತಿಳಿಯದ ಮಗು, ಸಿಕ್ಕಾಗ ತಿಂದುಬಿಡಬೇಕು. ಆ ಮಗುವಿಗೆ ಅದೇ ಜಾಣತನ, ಅದೇ ಬದುಕುವ ದಾರಿ. ಮುಂದೆ ಕಪಾಟು ತುಂಬಿದರೂ ಮೈ ಆ ಪಾಠವನ್ನು ಬಿಡುವುದಿಲ್ಲ ಎಂಬುದು ಸಂಶೋಧಕರ ಊಹೆ.

ಈಗ ಇನ್ನೂ ಹಿಂದಕ್ಕೆ, ತಾಯಿಯ ಬಸಿರಿಗೇ ಹೋಗಿ! 1944–45ರ ಚಳಿಗಾಲ. ಜರ್ಮನ್ ಸೇನೆ ಪಶ್ಚಿಮ ನೆದರ್‌ಲ್ಯಾಂಡ್ಸಿಗೆ ಆಹಾರ ಸಾಗಣೆಯನ್ನು ತಡೆದಿತ್ತು. ದಿನದ ಪಡಿತರ 1,000 ಕ್ಯಾಲೊರಿಗಿಂತ ಕೆಳಗಿಳಿದು, ಜನ ಟುಲಿಪ್ ಗಡ್ಡೆ ಬೇಯಿಸಿ ತಿಂದರು. ಆ ದಿನಗಳಲ್ಲಿ ಗರ್ಭದಲ್ಲಿ ಮೊಳೆತ ಕೂಸುಗಳನ್ನು ವಿಜ್ಞಾನಿಗಳು ಸುಮಾರು ಆರು ದಶಕ ಕಳೆದ ಮೇಲೆ ಪರೀಕ್ಷಿಸಿದರು. 2008ರಲ್ಲಿ ಬಂದ ಒಂದು ವರದಿಯ ಪ್ರಕಾರ, ಗರ್ಭದ ಮೊದಲ ತಿಂಗಳುಗಳಲ್ಲೇ ಬರ ಕಂಡವರು ಜಿಡ್ಡು ಹೆಚ್ಚಿರುವ ಊಟ ಮಾಡುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಅದೇ ವರ್ಷದ ಮತ್ತೊಂದು ಅಧ್ಯಯನ ಅಂಥವರನ್ನು ಬರ ಕಾಣದ ಒಡಹುಟ್ಟಿದವರ ಜೊತೆ ಹೋಲಿಸಿತು. ಬೆಳವಣಿಗೆಗೆ ಬೇಕಾದ ಐಜಿಎಫ್2 ಎಂಬ ಜೀನ್ ಮೇಲಿನ ರಾಸಾಯನಿಕ ಗುರುತು ಬರ ಕಂಡವರಲ್ಲಿ ಕಡಿಮೆಯಾಗಿತ್ತು. ಲೋಕವನ್ನೇ ಕಾಣದ ಕೂಸು ಲೋಕದ ಬರವನ್ನು ಮೈಯಲ್ಲಿ ಬರೆದಿಟ್ಟುಕೊಂಡಿತ್ತು!

ಹೊಟ್ಟೆ ತುಂಬಿದ ಮೇಲೂ ತಟ್ಟೆಯಲ್ಲಿ ಅಗುಳು ಬಿಡದ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಅವರನ್ನು ಹೊಟ್ಟೆಬಾಕರೆಂದು ಆಡಿಕೊಳ್ಳಬೇಡಿ; ಅವರ ಬಾಲ್ಯದ ಊಟ ಹೇಗಿತ್ತೆಂದು ಕೇಳಿ. ಹಾಗೆಯೇ ನಿಮ್ಮೂರ ಶಾಲೆಯಲ್ಲಿ ಬಿಸಿಯೂಟ ದಿನವೂ ತಪ್ಪದೆ, ಹೊಟ್ಟೆ ತುಂಬುವಷ್ಟು ಬಡಿಸುತ್ತಿದ್ದಾರೆಯೇ, ಒಮ್ಮೆ ಹೋಗಿ ನೋಡಿ ಬನ್ನಿ.