ರೇಡಿಯೇಟರ್ ನೀರು ಅಂಗಳಕ್ಕೆ ಬೇಡ

ನಮ್ಮದು ಹಳೇ ಟ್ರ್ಯಾಕ್ಟರ್. ಎರಡು ವರ್ಷದ ಹಿಂದೆ ರೇಡಿಯೇಟರಿನ ಅಡಿಯಲ್ಲಿ ಸೋರಿಕೆ ಸುರುವಾಯಿತು. ಬೆಸುಗೆಗೆ ಪೇಟೆಗೆ ಒಯ್ಯಬೇಕು. ಬಿಚ್ಚುವುದೇನು ಮಹಾ ಎಂದು ನಾನೇ ಹೊರಟೆ. ಕೆಳಗಿನ ರಬ್ಬರ್ ಪೈಪಿನ ಕ್ಲಿಪ್ ಸಡಿಲಿಸಿ ಎಳೆದೆ. ಒಳಗಿದ್ದದ್ದೆಲ್ಲ ಭಸಕ್ಕನೆ ಮೈಮೇಲೆ, ಅಂಗಳಕ್ಕೆ! ಹಸಿರು ನೀರು ಚಿಕ್ಕ ಹೊಂಡದಲ್ಲಿ ನಿಂತಿತು. ನಾಯಿ ನೆಕ್ಕುವುದು ಕಂಡರೂ ನೀರಲ್ವಾ ಎಂದು ಸುಮ್ಮನಿದ್ದೆ. ಸಂಜೆಗೆ ಅದು ಕುಡಿದವರ ಹಾಗೆ ತೂರಾಡಿತು. ಮೂರನೇ ದಿನ ಸತ್ತಿತು. ದನಗಳು ಅಂದು ಗುಡ್ಡಕ್ಕೆ ಹೋಗಿದ್ದವು. ಬಚಾವು.

ಪಶುವೈದ್ಯರು ಹೇಳಿದ ಮೇಲೆ ಗೊತ್ತಾಯಿತು. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ರುಚಿ ಸಿಹಿ, ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡಿಸುವ ವಿಷ. ನಾಯಿ, ಬೆಕ್ಕು, ದನ, ಮಕ್ಕಳು - ಯಾರಿಗೂ ಆಗದು. ಕುಡಿದದ್ದು ಕಂಡರೆ ಲಕ್ಷಣ ಕಾಯದೆ ಕೂಡಲೇ ವೈದ್ಯರಲ್ಲಿಗೆ ಓಡಬೇಕು.

ಕಳೆದ ಬೇಸಗೆಯಲ್ಲಿ ಮತ್ತೆ ಬಿಚ್ಚಬೇಕಾಯಿತು. ಈ ಸಲ ನೆಲ ಒದ್ದೆಯಾಗಲಿಲ್ಲ. ಮಾಡಿದ್ದು ಹೀಗೆ:

ರಾತ್ರಿಯಿಡೀ ಎಂಜಿನ್ ತಣಿಯಲು ಬಿಟ್ಟೆ. ಬಿಸಿ ಇರುವಾಗ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಹಾರುತ್ತದೆ. ಅಡಿಯ ಡ್ರೈನ್ ಕಾಕಿಗೆ ಒಂದು ಗೇಣು ಹಳೇ ಪೈಪು ತೊಡಿಸಿ, ಇನ್ನೊಂದು ತುದಿ ಕ್ಯಾನಿಗೆ ಇಳಿಸಿದೆ. ಮುಚ್ಚಳ ಹಾಕಿಯೇ ಕಾಕ್ ತೆರೆದೆ. ಮೇಲಿಂದ ಗಾಳಿ ಹೋಗದ್ದರಿಂದ ನೀರು ತಡೆದು ತಡೆದು ಇಳಿಯುತ್ತದೆ. ಎಲ್ಲವೂ ಕ್ಯಾನಿಗೇ ಬೀಳುವುದು ಖಾತ್ರಿಯಾದ ಮೇಲೆ ಮುಚ್ಚಳ ತೆಗೆದೆ. ಎಂಜಿನ್ ಬ್ಲಾಕಿನ ಡ್ರೈನನ್ನೂ ಹೀಗೇ ಬರಿದು ಮಾಡಿದೆ.

ಆಮೇಲೆ ಮೇಲಿನ ಪೈಪು, ಕೊನೆಗೆ ಕೆಳಗಿನದು. ಎಳೆಯಬೇಡಿ, ತಿರುಚಿ ಬಿಡಿಸಿ. ಉಳಿದ ನೀರಿಗೆ ಅಡಿಯಲ್ಲಿ ಬೋಗುಣಿ ಇರಲಿ. ಬಾಯಿಗಳಿಗೆ ಬಟ್ಟೆ ತುರುಕಿ. ಫ್ಯಾನಿಗೂ ರೇಡಿಯೇಟರಿಗೂ ನಡುವೆ ರಟ್ಟು ಇಟ್ಟು, ಬೋಲ್ಟ್ ಕಳಚಿ, ಇಬ್ಬರು ಸೇರಿ ನೇರ ಎತ್ತಿದರೆ ತೆಳು ರೆಕ್ಕೆಗಳು ಬಗ್ಗುವುದಿಲ್ಲ.

ಚೆಲ್ಲಿದರೆ ಮರದ ಹುಡಿ ಹಾಕಿ ಹೀರಿಸಿ, ಗುಡಿಸಿ ತೆಗೆಯಿರಿ. ಹಳೇ ಕೂಲೆಂಟನ್ನು ಚರಂಡಿಗೋ ತೋಟಕ್ಕೋ ಬಿಡಬೇಡಿ. ಬಿಗಿ ಮುಚ್ಚಳದ ಕ್ಯಾನಿನಲ್ಲಿ, 'ವಿಷ' ಎಂದು ಬರೆದು, ಮೇಲಿಡಿ. ಹಳತನ್ನು ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.

ಮತ್ತೆ ತುಂಬುವಾಗ ಗಡಸು ಬೋರ್ ನೀರು ಬೇಡ, ಒಳಗೆ ಸುಣ್ಣ ಕಟ್ಟುತ್ತದೆ. ಬ್ಯಾಟರಿ ನೀರು ಒಳ್ಳೆಯದು. ಕೂಲೆಂಟ್ ಎಷ್ಟೆಂದು ಡಬ್ಬದ ಮೇಲೆ ನೋಡಿ.

ಅರ್ಧ ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ಹಿಡಿಯಲಿ ಬಿಡಿ. ಈಗಿನ ನಾಯಿಮರಿಯನ್ನು ಮುಗಿಯುವ ತನಕ ಕಟ್ಟಿಯೇ ಹಾಕಿದ್ದೆ.