ಕೈ ಬದಲಿಸಿದ ಟಿಕೆಟು

ನನ್ನ ಯೌವನದ ದಿನಗಳಲ್ಲಿ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ‘ಹೌಸ್ ಫುಲ್’ ಹಲಗೆ ತೂಗಿದೊಡನೆ ಒಂದು ಪಿಸುಮಾತು ಕೇಳಿಬರುತ್ತಿತ್ತು: ‘ಬಾಲ್ಕನಿ ಹತ್ತು, ಬಾಲ್ಕನಿ ಹತ್ತು.’ ಬ್ಲಾಕಿನಲ್ಲಿ ಟಿಕೆಟು ಮಾರುವ ಆ ಮನುಷ್ಯನನ್ನು ಸಭ್ಯರೆನಿಸಿಕೊಂಡ ನಾವು ಬೈಯುತ್ತಲೇ ಹುಡುಕುತ್ತಿದ್ದೆವು. ಅವನು ಕೇಳುತ್ತಿದ್ದುದು ಅನ್ಯಾಯದ ಬೆಲೆ, ನಿಜ. ಆದರೆ ಟಿಕೆಟು ಕಣ್ಣಿಗೆ ಕಾಣುತ್ತಿತ್ತು; ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು; ಮೋಸವಾದರೆ ಹಿಂದಿರುಗಿ ಬಂದು ಅವನ ಕೊರಳಪಟ್ಟಿ ಹಿಡಿಯುವ ಅವಕಾಶವಾದರೂ ಇತ್ತು.

ಈ ವ್ಯಾಪಾರ ಚಲನಚಿತ್ರಕ್ಕಿಂತಲೂ ಹಳೆಯದು. 1867ರ ಕೊನೆಯಲ್ಲಿ ಚಾರ್ಲ್ಸ್ ಡಿಕೆನ್ಸ್ ತನ್ನ ಕೃತಿಗಳನ್ನು ಸಭೆಯಲ್ಲಿ ಓದಲೆಂದು ಅಮೆರಿಕಕ್ಕೆ ಹೋದನು. ಎರಡು ಡಾಲರಿನ ಟಿಕೆಟನ್ನು ದಲ್ಲಾಳಿಗಳು ಅನೇಕ ಪಟ್ಟು ಬೆಲೆಗೆ ಮಾರಿದರು. ಬ್ರೂಕ್ಲಿನ್‌ನಲ್ಲಿ ಜನ ಚಳಿಗಾಲದ ರಾತ್ರಿ ಬೀದಿಯಲ್ಲೇ ಹಾಸಿಗೆ ಹಾಸಿ, ಬೆಂಕಿ ಹಾಕಿಕೊಂಡು ಸಾಲು ಕಾದರು. ದಲ್ಲಾಳಿಗಳೂ ತಮ್ಮ ಆಳುಗಳನ್ನು ಸಾಲಿನಲ್ಲಿ ನಿಲ್ಲಿಸಿದರು. ಅವರನ್ನು ತಡೆಯಲು ಹೆಣಗಿದ ವ್ಯವಸ್ಥಾಪಕ ಜಾರ್ಜ್ ಡಾಲ್ಬಿಗೆ ಪತ್ರಿಕೆಗಳಿಂದ ಸಿಕ್ಕಿದ್ದು ಬೈಗುಳ. ಆದರೂ ಅಲ್ಲಿನ ಮುಖ್ಯ ದೂರು ಬೆಲೆಯ ಮೇಲೆ. ಟಿಕೆಟೇ ಸುಳ್ಳಾದರೆ ಏನು ಗತಿ ಎಂಬುದು ನಮ್ಮ ಕಾಲದ ದೊಡ್ಡ ಚಿಂತೆ.

2025ರ ಜನವರಿಯಲ್ಲಿ ನವಿ ಮುಂಬಯಿಯಲ್ಲಿ ನಡೆದ ಕೋಲ್ಡ್‌ಪ್ಲೇ ತಂಡದ ಗಾಯನಕ್ಕೆ 2024ರ ಸೆಪ್ಟೆಂಬರ್ 22ರಂದು ಟಿಕೆಟು ಮಾರಾಟ ಆರಂಭವಾಯಿತು. ಬೆಲೆ 2,500 ರೂಪಾಯಿಗಳಿಂದ 35,000ದವರೆಗೆ. ಸ್ವಲ್ಪ ಹೊತ್ತಿನಲ್ಲೇ ಎಲ್ಲ ಮುಗಿದು, ಅವೇ ಟಿಕೆಟುಗಳು ಬೇರೆ ತಾಣಗಳಲ್ಲಿ ಲಕ್ಷಗಳ ಬೆಲೆ ಹೊತ್ತು ನಿಂತವು. ಮೂಲ ಮಾರಾಟದ ಬುಕ್‌ಮೈಶೋ, ಆ ತಾಣಗಳಿಗೂ ತನಗೂ ಸಂಬಂಧವಿಲ್ಲವೆಂದು ಸಾರಿ ಪೊಲೀಸರಿಗೆ ದೂರು ಕೊಟ್ಟಿತು. ಮರುತಿಂಗಳು ಜಾರಿ ನಿರ್ದೇಶನಾಲಯ ನಕಲಿ ಟಿಕೆಟುಗಳ ಜಾಡು ಹಿಡಿದು ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಶೋಧ ನಡೆಸಿತು.

ಇಷ್ಟನ್ನೆಲ್ಲ ಪತ್ರಿಕೆಯಲ್ಲಿ ಓದಿದ್ದ ನಾನೇ ಎಡವಿದೆ. ನನ್ನ ತಂಗಿಯ ಮಗಳು ತನ್ನ ಮೊದಲ ಸಂಬಳದಲ್ಲಿ ಗೆಳತಿಗೂ ತನಗೂ ಎರಡು ಟಿಕೆಟು ಕೊಳ್ಳಹೊರಟಳು. ಮಾರುವವನು ಅಪರಿಚಿತ. ‘ತುಂಬ ಮರ್ಯಾದೆಯಿಂದ ಮಾತಾಡ್ತಾರೆ ಮಾವ, ಗುರುತಿನ ಚೀಟಿಯ ಫೋಟೋನೂ ಕಳಿಸಿದ್ದಾರೆ. ನಂಬಬಹುದಾ?’ ಎಂದು ಕೇಳಿದಳು. ನಾನು ಕನ್ನಡಕ ಏರಿಸಿ ಚೀಟಿಯನ್ನು ನೋಡಿ, ‘ನಂಬಬಹುದಮ್ಮ’ ಎಂದೆ. ಬಾಗಿಲಲ್ಲಿ ಯಂತ್ರ ಕೆಂಪು ದೀಪ ತೋರಿತು: ಇದೇ ಸಂಕೇತದಿಂದ ಇನ್ನಾರೋ ಆಗಲೇ ಒಳಗೆ ಹೋಗಿದ್ದರು. ಹುಡುಗಿಯರಿಬ್ಬರೂ ಮೈದಾನದ ಗೋಡೆಯ ಹೊರಗೆ ನಿಂತು ಹಾಡು ಕೇಳಿ ಮನೆಗೆ ಬಂದರು. ರಾಮನವಮಿಯ ಕಚೇರಿಗಳನ್ನು ಚಪ್ಪರದ ಹೊರಗೆ ರಸ್ತೆಯಲ್ಲಿ ಕುಳಿತು ಕೇಳಿದವನು ನಾನು. ಆದರೆ ಅಲ್ಲಿ ನನ್ನನ್ನು ಯಾರೂ ಬಾಗಿಲಿನಿಂದ ಹಿಂದಕ್ಕೆ ಕಳಿಸಿರಲಿಲ್ಲ.

ನಡೆದದ್ದಿಷ್ಟೆ. ಇಂದಿನ ಬಹುಪಾಲು ಟಿಕೆಟು ಕಾಗದವಲ್ಲ, ಕಪ್ಪುಬಿಳುಪು ಚೌಕದೊಳಗಿನ ಒಂದು ಸಂಕೇತ. ಅದರ ಚಿತ್ರವನ್ನು ಹತ್ತು ಜನಕ್ಕೆ ಕಳಿಸಬಹುದು. ಹತ್ತೂ ಒಂದೇ ತೆರನಾಗಿರುತ್ತವೆ. ಯಂತ್ರದ ಮುಂದೆ ಮೊದಲು ಹಿಡಿದವನದು ಸಾಚಾ, ಉಳಿದ ಒಂಬತ್ತು ಸುಳ್ಳು. ಕೆಲವರು ಇನ್ನೂ ಮುಂದೆ ಹೋಗಿ, ಕೈಯಲ್ಲಿಲ್ಲದ ಟಿಕೆಟನ್ನೇ ಮಾರುತ್ತಾರೆ. ಹಣ ಬಂದ ಮೇಲೆ ಅಗ್ಗಕ್ಕೆ ಸಿಕ್ಕರೆ ಕೊಂಡು ಕೊಡುತ್ತಾರೆ, ಸಿಗದಿದ್ದರೆ ಮಾಯವಾಗುತ್ತಾರೆ. ಟಿಕೆಟು ಅಸಲಿಯೇ ಆಗಿದ್ದರೂ, ಮರುಮಾರಾಟ ಕೂಡದೆಂಬ ಷರತ್ತಿದ್ದರೆ ವ್ಯವಸ್ಥಾಪಕರು ಅದನ್ನು ರದ್ದುಮಾಡಬಹುದು.

ಹಾಗಾದರೆ ಮರುಮಾರಾಟಗಾರರೆಲ್ಲ ವಂಚಕರೇ? ಅಲ್ಲ. ಜ್ವರ ಬಂದು ಹೋಗಲಾರದವನು ಕೊಂಡ ಬೆಲೆಗೇ ಕೊಟ್ಟರೆ ಅದು ಉಪಕಾರ. ತಪ್ಪಿದ್ದು ನಾವು ಕೇಳಿಕೊಂಡ ಪ್ರಶ್ನೆಯಲ್ಲಿ. ‘ಈತ ಒಳ್ಳೆಯವನೇ?’ ಎಂಬುದಕ್ಕೆ ಮಾತಿನ ಸವಿಯಾಗಲಿ, ಇನ್ನೊಬ್ಬರದೂ ಆಗಿರಬಹುದಾದ ಚೀಟಿಯಾಗಲಿ ಉತ್ತರವಲ್ಲ. ‘ಬಾಗಿಲಲ್ಲಿ ಈ ಟಿಕೆಟು ನಡೆಯದಿದ್ದರೆ ನಷ್ಟ ಯಾರದು?’ ಎಂದು ಕೇಳಬೇಕಿತ್ತು. ನೇರವಾಗಿ ಅವನ ಖಾತೆಗೆ ಹಣ ಹೋದರೆ ನಷ್ಟವೆಲ್ಲ ನಮ್ಮದು. ಮೂಲ ಮಾರಾಟಗಾರರ ವ್ಯವಸ್ಥೆಯ ಮೂಲಕವೇ ಟಿಕೆಟು ನಮ್ಮ ಹೆಸರಿಗೆ ವರ್ಗವಾಗಿ, ಹಳೆಯ ಸಂಕೇತ ಅಳಿದು ಹೊಸದು ಬಂದರೆ ಮಾರಿದವನ ಗುಣವನ್ನು ಅಳೆಯುವ ಅಗತ್ಯವೇ ಬೀಳದು. ನಡುವೆ ನಿಂತ ತಾಣ ಹಣ ವಾಪಸಿನ ಭರವಸೆ ಕೊಟ್ಟರೆ ಅರ್ಧ ಸಮಾಧಾನ; ಹಣ ಬಂದೀತು, ಆ ಸಂಜೆ ಬಾರದು. ಮೋಸಹೋದವರು ತಡಮಾಡದೆ 1930ಕ್ಕೆ ದೂರವಾಣಿ ಮಾಡಬೇಕು. ಹಣ ಮುಂದೆ ಸಾಗುವ ಮುನ್ನ ತಡೆಯಲು ಅವಕಾಶವಿರುತ್ತದೆ.

ಐರ್ಲೆಂಡ್ 2021ರಲ್ಲಿ, ದೊಡ್ಡ ಕಾರ್ಯಕ್ರಮಗಳ ಟಿಕೆಟನ್ನು ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರುವುದನ್ನು ಅಪರಾಧವೆಂದು ಸಾರಿತು. ನಮ್ಮಲ್ಲಿ, 2025ರ ಜನವರಿಯಲ್ಲಿ ಇಂಥದೇ ನಿಯಮ ಕೋರಿದ ಅರ್ಜಿಯೊಂದನ್ನು ಮುಂಬಯಿ ಉಚ್ಚ ನ್ಯಾಯಾಲಯ, ಅದು ಶಾಸಕಾಂಗದ ಕೆಲಸವೆಂದು ತಳ್ಳಿಹಾಕಿತು. ಕಾನೂನು ಬರುವಾಗ ಬರಲಿ. ಅಲ್ಲಿಯವರೆಗೆ ಮನೆಯ ಹಿರಿಯರಾದ ನಾವು, ಮಕ್ಕಳು ‘ನಂಬಬಹುದಾ?’ ಎಂದು ಕೇಳಿದಾಗ ಕನ್ನಡಕ ಏರಿಸಿ ಮುಖ ನೋಡುವುದನ್ನು ಬಿಟ್ಟು, ಹಣ ಹೋಗುವ ದಾರಿಯನ್ನೂ ಟಿಕೆಟು ಬರುವ ದಾರಿಯನ್ನೂ ನೋಡುವುದನ್ನು ಕಲಿಯಬೇಕು. ಅಷ್ಟನ್ನು ನಾನು ಕಲಿತೆ. ಬೆಲೆ ತೆತ್ತವಳು ಮಾತ್ರ ಅವಳು.