ಕಲ್ಸಂಕದಲ್ಲಿ ನಿಂತ ಕಾರು ಏಕೆ ಕುದಿಯುತ್ತದೆ?

ಏಪ್ರಿಲ್‌–ಮೇ ತಿಂಗಳುಗಳಲ್ಲಿ ಮಟ್ಟುವಿನ ಕಡಲತೀರದಿಂದ ಹೊರಡುವ ಹಳೆಯ ಕಾರು, ಕಟಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಸೇರಿ ಉಡುಪಿಯವರೆಗೆ ನಿರಾಯಾಸವಾಗಿ ಓಡಿದರೂ, ಮಣಿಪಾಲದ ದಾರಿಯಲ್ಲಿ ಕಲ್ಸಂಕದ ವಾಹನದಟ್ಟಣೆಯಲ್ಲಿ ಸಿಕ್ಕಿಕೊಂಡಾಗ ಅದರ ತಾಪಸೂಚಕದ ಮುಳ್ಳು ಏರತೊಡಗುತ್ತದೆ. ಇದಕ್ಕೆ ಕರಾವಳಿಯ ಸೆಕೆಯನ್ನು ದೂರುವುದು ಸುಲಭ. ಗಾಳಿಯ ತೇವಾಂಶ ಮನುಷ್ಯರನ್ನು ಬಳಲಿಸುವಂತೆ ಎಂಜಿನ್ನನ್ನೂ ಬಳಲಿಸುತ್ತದೆ ಎಂಬ ಊಹೆ ಸಹಜವಾದರೂ ಭೌತಶಾಸ್ತ್ರದ ಲೆಕ್ಕಕ್ಕೆ ಅದು ಒಪ್ಪುವುದಿಲ್ಲ. ನಿಂತ ಕಾರನ್ನು ಕುದಿಸುವುದು ಚಲಿಸದ ಗಾಳಿಯೇ ಹೊರತು ತೇವಗೊಂಡ ಗಾಳಿಯಲ್ಲ.

ಪೆಟ್ರೋಲ್ ಉರಿದಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಸಣ್ಣದೊಂದು ಪಾಲು ಮಾತ್ರ ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಮತ್ತೊಂದು ಪಾಲು ಹೊಗೆಯೊಡನೆ ಹೊರಹೋಗಿ, ಸ್ಥೂಲವಾಗಿ ಮೂರನೆಯ ಒಂದು ಭಾಗ ಸಿಲಿಂಡರ್‌ಗಳ ಗೋಡೆಯನ್ನು ದಾಟಿ ಅವುಗಳ ಸುತ್ತ ಹರಿಯುವ ನೀರನ್ನು ಸೇರುತ್ತದೆ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್‌ನ 3.8 ಲೀಟರ್‌ ಎಂಜಿನ್ನಿನಂತಹ ಬಲಶಾಲಿ ಎಂಜಿನ್, ಕಾರು ನಿಂತಲ್ಲೇ ಗಂಟೆಗೆ 2 ಲೀಟರ್ ಪೆಟ್ರೋಲ್ ಉರಿಸುತ್ತದೆ ಎಂದಿಟ್ಟುಕೊಂಡರೆ, ಒಂದು ಲೀಟರಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇರುವುದರಿಂದ, ಅದು ಸುಮಾರು 18 ಕಿಲೋವಾಟ್ ಶಾಖವನ್ನು ಹೊಮ್ಮಿಸುತ್ತದೆ, ಮತ್ತು ಅದರಲ್ಲಿ 6 ಕಿಲೋವಾಟ್‌ನಷ್ಟನ್ನು ರೇಡಿಯೇಟರ್ ಎಡೆಬಿಡದೆ ಹೊರಹಾಕಬೇಕಾಗುತ್ತದೆ. ಈ ಶಾಖವನ್ನು ಕೊನೆಗೆ ಒಯ್ಯುವುದು ನೀರಲ್ಲ, ಗಾಳಿ. ನೀರು ಅದನ್ನು ಎಂಜಿನ್ನಿನಿಂದ ರೇಡಿಯೇಟರಿನವರೆಗೆ ಸಾಗಿಸುವ ಮಧ್ಯವರ್ತಿ ಮಾತ್ರ.

ಮನುಷ್ಯನ ದೇಹವೂ ಶಾಖವನ್ನು ಹೊರಹಾಕುತ್ತಲೇ ಇರಬೇಕಾದ ಎಂಜಿನ್ನೇ ಆದರೂ ಎರಡರ ವಿಧಾನಗಳು ಮೂಲದಲ್ಲೇ ಬೇರೆ. ದೇಹದ ತಾಪ 37 ಡಿಗ್ರಿ, ಚರ್ಮದ ತಾಪ ಅದಕ್ಕಿಂತಲೂ ಕಡಿಮೆ; ಹೊರಗಿನ ಗಾಳಿ 34 ಡಿಗ್ರಿ ಇರುವಾಗ ಇವೆರಡರ ನಡುವಿನ ಅಂತರ ಇಲ್ಲವೆನ್ನುವಷ್ಟು ಅಲ್ಪವಾದ್ದರಿಂದ ದೇಹಕ್ಕೆ ಬೆವರಿನ ಆವಿಯೊಂದೇ ದಾರಿಯಾಗಿ ಉಳಿಯುತ್ತದೆ, ಮತ್ತು ಕರಾವಳಿಯ ಗಾಳಿಯಲ್ಲಿ ಆಗಲೇ ನೀರಾವಿ ತುಂಬಿರುವುದರಿಂದ ಆ ಬೆವರು ಆರದೆ ಮೈಮೇಲೆಯೇ ಉಳಿದು ಸೆಕೆಯಾಗುತ್ತದೆ. ರೇಡಿಯೇಟರ್ ಬೆವರುವುದಿಲ್ಲ. ಅದರೊಳಗಿನ ನೀರು 90 ಡಿಗ್ರಿಯಷ್ಟು ಬಿಸಿಯಾಗಿರುವುದರಿಂದ ಹೊರಗಿನ ಗಾಳಿಗೂ ಅದಕ್ಕೂ 56 ಡಿಗ್ರಿಗಳ ಅಂತರವಿರುತ್ತದೆ, ಮತ್ತು ನ್ಯೂಟನ್ 1701ರಲ್ಲಿ ಪ್ರಕಟಿಸಿದ ತಣಿಯುವಿಕೆಯ ನಿಯಮದಂತೆ, ಬಿಸಿ ವಸ್ತು ಕಳೆದುಕೊಳ್ಳುವ ಶಾಖ ಈ ಅಂತರಕ್ಕೆ ಅನುಗುಣವಾಗಿರುತ್ತದೆ. ತೇವಾಂಶಕ್ಕೆ ಈ ಲೆಕ್ಕದಲ್ಲಿ ಹೇಳಿಕೊಳ್ಳುವಂತಹ ಪಾತ್ರವಿಲ್ಲ: 34 ಡಿಗ್ರಿ ತಾಪದಲ್ಲಿ ಶೇಕಡಾ 70ರಷ್ಟು ತೇವವಿರುವ ಗಾಳಿ ಒಣಗಾಳಿಗಿಂತ ಸುಮಾರು ಶೇಕಡಾ ಒಂದೂವರೆಯಷ್ಟು ಹಗುರವಾಗಿದ್ದರೂ, ಅದರ ಪ್ರತಿ ಕಿಲೋಗ್ರಾಂ ಶೇಕಡಾ 2ರಷ್ಟು ಹೆಚ್ಚು ಶಾಖವನ್ನು ಹೊರಬಲ್ಲುದಾದ್ದರಿಂದ ನಷ್ಟ, ಲಾಭಗಳು ಸರಿದೂಗುತ್ತವೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಗಾಳಿ ಕಡಲತೀರದ ಗಾಳಿಗಿಂತ ವಿರಳವಾಗಿರುವುದನ್ನೂ ಅಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದನ್ನೂ ನೆನೆದರೆ, ಈ ಒಂದು ವಿಷಯದಲ್ಲಿ ಕರಾವಳಿಯ ಕಾರೇ ಅನುಕೂಲದ ಸ್ಥಿತಿಯಲ್ಲಿದೆ. ಹವಾನಿಯಂತ್ರಣ ಅಳವಡಿಸಿರುವ ಕಾರು ಮಾತ್ರ ಇದಕ್ಕೆ ಅಪವಾದ. ಒಳಗಾಳಿಯ ತೇವವನ್ನು ನೀರಾಗಿಸುವಾಗ ಬಿಡುಗಡೆಯಾಗುವ ಶಾಖವನ್ನು ಎ.ಸಿ.ಯ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಚೆಲ್ಲುವುದರಿಂದ ಅಲ್ಲಿ ತೇವಾಂಶ ಪರೋಕ್ಷವಾಗಿ ಹೊರೆಯಾಗುತ್ತದೆ.

ಶಾಖವನ್ನು ಗಾಳಿಗೆ ದಾಟಿಸುವ ಈ ವಿದ್ಯೆ ಕಾರಿನೊಡನೆಯೇ ಹುಟ್ಟಿದ್ದಲ್ಲ. 1886ರ ಬೆಂಜ್ ಮೋಟಾರು ಗಾಡಿ ನೀರನ್ನು ಆವಿಯಾಗಿ ಕಳೆದುಕೊಳ್ಳುತ್ತಲೇ ತಣಿಯುತ್ತಿತ್ತು, ಹಾಗಾಗಿ ದಾರಿಯುದ್ದಕ್ಕೂ ಅದಕ್ಕೆ ನೀರು ತುಂಬಬೇಕಾಗುತ್ತಿತ್ತು. ಈ ತೊಡಕನ್ನು ಬಿಡಿಸಿದವನು ಜರ್ಮನಿಯ ಡೈಮ್ಲರ್ ಕಂಪನಿಯ ವಿಲ್ಹೆಲ್ಮ್ ಮೈಬಾಖ್. ನೀಸ್ ನಗರದಲ್ಲಿ ನೆಲೆಸಿದ್ದ ಎಮಿಲ್ ಯೆಲಿನೆಕ್ ಎಂಬ ವರ್ತಕ ತನ್ನ ಮಗಳು ಮರ್ಸಿಡೀಸಳ ಹೆಸರಿನಲ್ಲಿ ಬೇಡಿಕೆಯಿಟ್ಟ 35 ಅಶ್ವಶಕ್ತಿಯ ಕಾರಿಗಾಗಿ ಮೈಬಾಖ್ 1900ರಲ್ಲಿ ರೂಪಿಸಿದ ರೇಡಿಯೇಟರಿನಲ್ಲಿ, 6 ಮಿಲಿಮೀಟರ್ ಅಗಲದ 8,070 ಚೌಕ ಕೊಳವೆಗಳನ್ನು ಜೇನುಹಟ್ಟಿಯ ಕೋಶಗಳಂತೆ ಜೋಡಿಸಿ ಬೆಸೆಯಲಾಗಿತ್ತು. ಗಾಳಿ ಕೊಳವೆಗಳ ಒಳಗಿಂದಲೂ ನೀರು ಅವುಗಳ ನಡುವಿನ ಕಿರಿದಾದ ಸಂದಿಗಳಿಂದಲೂ ಹರಿಯುತ್ತಿದ್ದುದರಿಂದ ಮೊದಲಿನ ಅರ್ಧದಷ್ಟು ನೀರೇ ಸಾಕಾಯಿತು. ಅದಕ್ಕಿಂತಲೂ ಗಮನಾರ್ಹವಾದದ್ದು, ಕಾರು ನಿಧಾನವಾಗಿ ಚಲಿಸುವಾಗಲೂ ಗಾಳಿ ಒಳಬರಲೆಂದು ಮೈಬಾಖ್ ರೇಡಿಯೇಟರಿನ ಹಿಂದೆ ಫ್ಯಾನ್ ಒಂದನ್ನು ಇರಿಸಿದ್ದು. ಕಲ್ಸಂಕದ ಸಮಸ್ಯೆ ಆತನಿಗೆ ಆಗಲೇ ಗೊತ್ತಿತ್ತು ಎನ್ನಬೇಕು.

ಹಳೆಯ ಕಾರುಗಳಲ್ಲಿ ಹೆಚ್ಚಿನವುಗಳ ಫ್ಯಾನ್ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುತ್ತದೆ. ಫ್ಯಾನ್ ಎಳೆಯುವ ಗಾಳಿ ಅದರ ವೇಗಕ್ಕೆ ಅನುಗುಣವಾಗಿರುವುದರಿಂದ, ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನ್ 750ಕ್ಕೆ ಇಳಿದಾಗ ಫ್ಯಾನಿನ ಗಾಳಿಯೂ ಕಾಲು ಭಾಗಕ್ಕೆ ಇಳಿಯುತ್ತದೆ, ಮತ್ತು ಹೆದ್ದಾರಿಯಲ್ಲಿ ಎದುರಿನಿಂದ ನುಗ್ಗುತ್ತಿದ್ದ ಗಾಳಿ ಪೂರ್ತಿಯಾಗಿ ನಿಂತಿರುತ್ತದೆ. ಸಾಲದ್ದಕ್ಕೆ, ಬಾನೆಟ್ಟಿನ ಕೆಳಗಿನ ಬಿಸಿಗಾಳಿ ಸುತ್ತಿಬಳಸಿ ಮತ್ತೆ ರೇಡಿಯೇಟರಿನ ಮುಂದಕ್ಕೇ ಬರುತ್ತದೆ. ಹೀಗೆ ಒಳಹೋಗುವ ಗಾಳಿಯ ತಾಪ 34ರಿಂದ 50 ಡಿಗ್ರಿಗೆ ಏರಿದರೆ ಅಂತರ 56ರಿಂದ 40ಕ್ಕೆ ಕುಸಿದು, ರೇಡಿಯೇಟರಿನ ಸಾಮರ್ಥ್ಯದಲ್ಲಿ ಶೇಕಡಾ 30ರ ಸಮೀಪ ಕಡಿತವಾಗುತ್ತದೆ. ಆದ್ದರಿಂದ ಶ್ರೌಡ್, ಅಂದರೆ ಫ್ಯಾನ್ ಎಳೆಯುವ ಗಾಳಿಯೆಲ್ಲ ರೇಡಿಯೇಟರಿನ ಮೂಲಕವೇ ಬರುವಂತೆ ಮಾಡುವ ಕವಚ, ಸರಿಯಾಗಿದೆಯೇ ಎಂದು ನೋಡುವುದೂ, ರೇಡಿಯೇಟರಿನ ಅಂಚಿನ ಸಂದುಗಳನ್ನು ರಬ್ಬರ್ ಪಟ್ಟಿಯಿಂದ ಮುಚ್ಚುವುದೂ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸಗಳು. ಇವನ್ನು ಬಿಟ್ಟು ಸರ್ವರೋಗಕ್ಕೂ ಮದ್ದೆಂಬಂತೆ ಮಾರಾಟವಾಗುವ ದುಬಾರಿ ಅಲ್ಯುಮಿನಿಯಂ ರೇಡಿಯೇಟರನ್ನು ಕೂರಿಸಿದರೆ, ಗಾಳಿಯೇ ಹರಿಯದ ಕಡೆ ಅದರಿಂದ ದೊರೆಯುವ ಪ್ರಯೋಜನ ಅತ್ಯಲ್ಪ.

ಎಂಜಿನ್ನಿನ ವೇಗವನ್ನು ಅವಲಂಬಿಸದ ವಿದ್ಯುತ್ ಫ್ಯಾನ್ ಒಳ್ಳೆಯ ಪರಿಹಾರವೇ, ಆದರೆ ಅದಕ್ಕೆ 12 ವೋಲ್ಟಿನಲ್ಲಿ 15 ಆಂಪಿಯರಿನಷ್ಟು ವಿದ್ಯುತ್ ಬೇಕು. ಹಳೆಯ ಕಾರಿನ ಡೈನಮೋ ಪೂರ್ಣವೇಗದಲ್ಲಿ ಕೊಡುವುದೇ 20ರ ಆಸುಪಾಸಿನ ಆಂಪಿಯರ್, ನಿಂತಲ್ಲಿ ಕೊಡುವುದು ಏನೂ ಇಲ್ಲವೆನ್ನುವಷ್ಟು. ಆದುದರಿಂದ ಡೈನಮೋದ ಜಾಗಕ್ಕೆ, ನಿಂತಲ್ಲೂ ವಿದ್ಯುತ್ ಕೊಡಬಲ್ಲ ಆಲ್ಟರ್ನೇಟರ್ ತರದೆ ಫ್ಯಾನ್ ಮಾತ್ರ ಅಳವಡಿಸಿದರೆ ಎಂಜಿನ್ ತಣ್ಣಗಿದ್ದು ಬ್ಯಾಟರಿ ಬರಿದಾಗುತ್ತದೆ.

ಕಿಡಿಯ ಸಮಯವೂ ಶಾಖದ ಲೆಕ್ಕಕ್ಕೆ ಸೇರುತ್ತದೆ. ಸ್ಪಾರ್ಕ್ ಪ್ಲಗ್ಗಿನ ಕಿಡಿ ತಡವಾಗಿ ಹತ್ತಿದರೆ ದಹನವೂ ತಡವಾಗಿ ಮುಗಿದು, ಇನ್ನೂ ಉರಿಯುತ್ತಿರುವ ಅನಿಲ ಹೊರದ್ವಾರದ ಸುತ್ತಲಿನ ಲೋಹವನ್ನು ಕಾಯಿಸಿ ನೀರಿಗೆ ಹೆಚ್ಚು ಶಾಖವನ್ನು ಸೇರಿಸುತ್ತದೆ. ಪ್ಲಗ್ಗುಗಳಿಗೆ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರಿನ ಟೈಮಿಂಗ್ ಸರಿಪಡಿಸಿದಾಗ ಶಾಖವು ಹುಟ್ಟುವಲ್ಲೇ ತಗ್ಗುತ್ತದೆ. ನೀರು ಬಿಸಿಯಾದಾಗ ಮೇಣದ ಹಿಗ್ಗುವಿಕೆಯಿಂದ ತೆರೆದುಕೊಳ್ಳುವ ಥರ್ಮೋಸ್ಟಾಟನ್ನು ಕಿತ್ತುಹಾಕುವ ರೂಢಿಗೆ ಮಾತ್ರ ಆಧಾರವಿಲ್ಲ, ಏಕೆಂದರೆ ದಟ್ಟಣೆಯಲ್ಲಿ ಅದು ಆಗಲೇ ಪೂರ್ತಿಯಾಗಿ ತೆರೆದಿರುತ್ತದೆ, ಮತ್ತು ಕೆಲವು ಎಂಜಿನ್‌ಗಳಲ್ಲಿ ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಿಂದಲೇ ಎಂಜಿನ್ನಿಗೆ ಮರಳುತ್ತದೆ.

ಕರಾವಳಿಯ ನಿಜವಾದ ಶತ್ರು ಉಪ್ಪು. ಕಡಲಿಗೂ ಹೊಳೆಗೂ ನಡುವಿನ ಮಟ್ಟುವಿನಂತಹ ಊರುಗಳಲ್ಲಿ ಗಾಳಿಯೊಡನೆ ಬರುವ ಉಪ್ಪಿನ ಕಣಗಳು ರೇಡಿಯೇಟರಿನ ತೆಳುರೆಕ್ಕೆಗಳನ್ನು ತಿಂದು, ಕೊಳವೆಗಳಿಗೂ ಅವುಗಳಿಗೂ ಇರುವ ಬೆಸುಗೆಯನ್ನು ಸಡಿಲಿಸುತ್ತವೆ, ಹಾಗೂ ಬೇಸಿಗೆಯಲ್ಲಿ ಉಪ್ಪಾಗುವ ಬಾವಿನೀರನ್ನು ತುಂಬಿದರೆ ಒಳಗಿನಿಂದಲೂ ಅದೇ ಕೆಲಸ ನಡೆಯುತ್ತದೆ. ಆದ್ದರಿಂದ ರೆಕ್ಕೆಗಳನ್ನು ಆಗಾಗ ಸಿಹಿನೀರಿನಿಂದ ತೊಳೆಯುವುದೂ, ತುಕ್ಕುನಿರೋಧಕ ಬೆರೆಸಿದ ಶುದ್ಧೀಕರಿಸಿದ ನೀರನ್ನೇ ತುಂಬುವುದೂ ಅಗತ್ಯ. ಹಿಮಗಟ್ಟದ ಈ ನಾಡಿನಲ್ಲಿ ಗ್ಲೈಕಾಲ್ ಎಂಬ ಹಿಮನಿರೋಧಕ ದ್ರವದ ಪ್ರಮಾಣ ಕಡಿಮೆಯಿದ್ದಷ್ಟೂ ಒಳ್ಳೆಯದು, ಏಕೆಂದರೆ ಶಾಖ ಹೊರುವುದರಲ್ಲಿ ಅದು ನೀರಿಗೆ ಸಮನಲ್ಲ.

ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ವಾತಾವರಣಕ್ಕಿಂತ ಅರ್ಧದಷ್ಟು ಹೆಚ್ಚಿಸಿದರೆ ನೀರು 112 ಡಿಗ್ರಿಯವರೆಗೆ ಕುದಿಯುವುದಿಲ್ಲ. ಬಿಸಿಯಿರುವಾಗಲೇ ಅದನ್ನು ತೆರೆದರೆ ಒತ್ತಡ ಕಳೆದ ನೀರು ಒಮ್ಮೆಲೇ ಉಗಿಯಾಗಿ ಚಿಮ್ಮಿ ಕೈ, ಮುಖಗಳನ್ನು ಸುಡುತ್ತದೆ. ದಟ್ಟಣೆಯನ್ನು ದಾಟಿದ ಕಾರು ಇಂದ್ರಾಳಿಯಿಂದ ಮಣಿಪಾಲದ ಏರನ್ನು, ಮುಂದೆ ಸೋಮೇಶ್ವರದಿಂದ ಆಗುಂಬೆಯ ತಿರುವುಗಳನ್ನು ಹತ್ತಬೇಕಾಗಿರುವುದರಿಂದ, ಏರಿನ ಬುಡದಲ್ಲಿ ಮುಳ್ಳು ಎಲ್ಲಿದೆ ಎಂಬುದರ ಮೇಲೆ ಎಂಜಿನ್ನಿನ ಕ್ಷೇಮ ನಿಂತಿದೆ. ಜಾಗ್ವಾರಿನ ಎಂಜಿನ್ನಿನಂತೆ ಎರಕದ ಕಬ್ಬಿಣದ ಬುಡದ ಮೇಲೆ ಅಲ್ಯುಮಿನಿಯಂ ತಲೆಯನ್ನು ಹೊತ್ತಿರುವ ಎಂಜಿನ್‌ಗಳಲ್ಲಿ, ಅಲ್ಯುಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುವುದರಿಂದ, ಅತಿಯಾದ ಒಂದೇ ಬಿಸಿಗೆ ಅವೆರಡರ ನಡುವಿನ ಹೆಡ್ ಗ್ಯಾಸ್ಕೆಟ್ ಹರಿದು ತಲೆಯೇ ಸೊಟ್ಟಗಾಗಬಹುದು, ಮತ್ತು ತಯಾರಿಕೆ ನಿಂತು ದಶಕಗಳೇ ಕಳೆದ ಎಂಜಿನ್ನಿಗೆ ಅಂತಹ ಭಾಗ ಸಿಗುವುದು ಸುಲಭವಲ್ಲ. ಮೊದಲು ಗಾಳಿಯ ದಾರಿ, ನಂತರ ಕಿಡಿಯ ಸಮಯ, ಆಮೇಲೆ ನೀರಿನ ಶುದ್ಧಿ, ಕೊನೆಗೆ ಹೊಸ ಭಾಗಗಳು ಎಂಬ ಅನುಕ್ರಮದಲ್ಲಿ ದುರಸ್ತಿ ನಡೆಸಿದರೆ ಕಡಿಮೆ ಖರ್ಚಿನ ಕೆಲಸಗಳೇ ಮೊದಲು ಮುಗಿಯುತ್ತವೆ, ಮತ್ತು ಹಳೆಯ ಕಾರಿನ ಮೂಲರೂಪವೂ ಬಹುಮಟ್ಟಿಗೆ ಉಳಿಯುತ್ತದೆ.